ಸತ್ತವರ ಪರವಾಗಿ ಮಾತಾಡುವವರು ಯಾರು?

ಕ್ಯಾಲಿಫೋರ್ನಿಯಾದ ಚಿತ್ರ ನಿರ್ದೇಶಕ ಕ್ರಿಸ್ಟೋಫರ್ ಲೀ ಬದುಕಿದ್ದು ಗಂಡಾಗಿ. 2012ರಲ್ಲಿ ತೀರಿಕೊಂಡಾಗ ಮರಣ ಪ್ರಮಾಣಪತ್ರದಲ್ಲಿ ದಾಖಲಾದದ್ದು ಹೆಣ್ಣೆಂದು. ಅವರ ಚಾಲನಾ ಪರವಾನಗಿಯಲ್ಲಿ ಗಂಡು ಎಂದೇ ಇತ್ತು. ಸರ್ಕಾರದ ಒಂದು ಕಾಗದ ಒಪ್ಪಿದ್ದನ್ನು ಇನ್ನೊಂದು ಕಾಗದ ಅಳಿಸಿಹಾಕಿತು. ಗೆಳೆಯರು ಸುಮ್ಮನಿರಲಿಲ್ಲ. ಅಲ್ಲಿನ ಶಾಸಕಿ ಟೋನಿ ಆಟ್ಕಿನ್ಸ್ ಮಂಡಿಸಿದ ಮಸೂದೆ 2014ರಲ್ಲಿ ಅಂಗೀಕಾರವಾಗಿ, 2015ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಮೃತರ ಲಿಂಗತ್ವವನ್ನು ಮಾಹಿತಿ ಕೊಡುವವರು ಹೇಳಿದಂತೆ ಬರೆದುಕೊಳ್ಳಬೇಕು. ಆದರೆ ಪಾಸ್‌ಪೋರ್ಟ್, ಪರವಾನಗಿ, ನ್ಯಾಯಾಲಯದ ಆದೇಶ, ಲಿಂಗ ಪರಿವರ್ತನೆಯ ಚಿಕಿತ್ಸೆಯ ದಾಖಲೆ, ಇಂಥ ಯಾವುದಾದರೂ ಬೇರೆ ಹೇಳಿದರೆ ಬಂಧುಗಳ ಮಾತಿಗಿಂತ ಅದೇ ಮೇಲು. ಈ ಕಾನೂನಿನ ಜೀವ ಇರುವುದು ಈ ಎರಡನೆಯ ಮಾತಿನಲ್ಲಿ. ಉಳಿದೆಲ್ಲ ದಾಖಲೆಯ ತಪ್ಪನ್ನು ನಾವೇ ಅಲೆದಾಡಿ ತಿದ್ದಿಸಿಕೊಳ್ಳಬಹುದು. ಈ ಒಂದನ್ನು ತಿದ್ದಿಸಲು ನಾವಿರುವುದಿಲ್ಲ. ಆದ್ದರಿಂದ ಬದುಕಿದ್ದಾಗ ವ್ಯಕ್ತಿ ತಾನೇ ಮಾಡಿಸಿಟ್ಟ ದಾಖಲೆಯನ್ನು ಅವರ ಮಾತೆಂದೇ ಪರಿಗಣಿಸಬೇಕು.

ಹೆತ್ತವರ ದುಃಖಕ್ಕೆ ಬೆಲೆಯಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಮಗನೆಂದೇ ಬೆಳೆಸಿದವರಿಗೆ ಮಗಳೆಂದು ಬರೆದ ಕಾಗದ ಚುಚ್ಚಬಹುದು. ಆದರೆ ಉಯಿಲು ಮಕ್ಕಳಿಗೆ ಹಿಡಿಸಲಿಲ್ಲವೆಂದು ಕಾನೂನು ಅದನ್ನು ಹರಿದು ಬಿಸಾಡುವುದಿಲ್ಲ. ವೈದ್ಯಕೀಯ ಅಂಕಿಅಂಶ ಕೆಡುತ್ತದೆ ಎಂಬ ವಾದಕ್ಕೆ ಇನ್ನೂ ಹೆಚ್ಚಿನ ತೂಕವಿದೆ: ಗಂಡೆಂದು ದಾಖಲಾದವರು ಅಂಡಾಶಯದ ಕ್ಯಾನ್ಸರ್‌ನಿಂದ ಸತ್ತರೆ ಲೆಕ್ಕ ಹೇಗೆ? ಸಾವಿನ ಕಾರಣವನ್ನು ವೈದ್ಯರು ಬರೆಯುವ ಜಾಗ ಹೇಗೂ ಬೇರೆ. ಹುಟ್ಟಿನ ಲಿಂಗವನ್ನು ಅಲ್ಲಿ ಗೌಪ್ಯವಾಗಿ ಉಳಿಸಿಕೊಂಡರೆ ಸಂಶೋಧನೆಗೆ ನಷ್ಟವಿಲ್ಲ. ಈಗಿನ ಪದ್ಧತಿಯಲ್ಲೇ ನಷ್ಟ ಹೆಚ್ಚು. ಟ್ರಾನ್ಸ್‌ಜೆಂಡರ್ ಜನ ಯಾವ ವಯಸ್ಸಿಗೆ, ಯಾತರಿಂದ ಸಾಯುತ್ತಾರೆಂಬುದೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಸತ್ತ ಮೇಲೆ ಹೆಣ್ಣೇನು ಗಂಡೇನು ಎನ್ನುವವರು ನಮ್ಮ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನೊಮ್ಮೆ ತೆರೆದು ನೋಡಲಿ. ಮದುವೆ, ಮಕ್ಕಳು, ಉಯಿಲು ಯಾವುದೂ ಇಲ್ಲದ ಗಂಡಸು ಸತ್ತರೆ ಅವನ ಸ್ವಯಾರ್ಜಿತ ಆಸ್ತಿ ತಾಯಿಗೆ ಹೋಗುತ್ತದೆ, ತಂದೆಗೆ ಪಾಲಿಲ್ಲ. ಅದೇ ಸ್ಥಿತಿಯ ಹೆಂಗಸು ಸತ್ತರೆ ತಂದೆ ತಾಯಿ ಇಬ್ಬರಿಗೂ. ಲಿಂಗ ಬದಲಾಯಿಸಿಕೊಂಡವರ ಬಗ್ಗೆ ಆ ಕಾಯ್ದೆಯಲ್ಲಿ ಸೊಲ್ಲೇ ಇಲ್ಲ. ಮರಣಪತ್ರವೊಂದರಿಂದಲೇ ಇಂಥ ವ್ಯಾಜ್ಯ ತೀರದು, ನಿಜ. ಆದರೂ ಕಚೇರಿಯ ಮೇಜಿನ ಮೇಲೆ ಮೊದಲು ಬರುವ ಕಾಗದ ಅದೇ. ಹೀಗಿರುವಾಗ ಆ ಪತ್ರದಲ್ಲಿ ಏನು ಬರೆಸಬೇಕೆಂಬುದನ್ನು, ಆಸ್ತಿಯಲ್ಲಿ ಪಾಲಿರುವ ಬಂಧುಗಳಿಗೇ ಬಿಟ್ಟುಕೊಡುವುದು ಸರಿಯಲ್ಲ.

ಪುರಾವೆ ಎಲ್ಲಿಂದ ತರುವುದೆಂಬ ಪ್ರಶ್ನೆಗೆ ನಮ್ಮಲ್ಲೇ ಉತ್ತರವಿತ್ತು. ಲಿಂಗತ್ವದ ಗುರುತು ವ್ಯಕ್ತಿಯದೇ ನಿರ್ಧಾರವೆಂದು ಸುಪ್ರೀಂ ಕೋರ್ಟ್ 2014ರ ನಾಲ್ಸಾ ತೀರ್ಪಿನಲ್ಲಿ ಹೇಳಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿ ಮಾಡಿತು. ಕಷ್ಟವಿರುವುದು ಕಾಗದ ಮಾಡಿಸಿಕೊಳ್ಳದವರ ವಿಷಯದಲ್ಲಿ. ಉತ್ತರ ಕರ್ನಾಟಕದ ಜೋಗಪ್ಪಂದಿರಲ್ಲಿ, ಹಿಜ್ರಾ ಸಮುದಾಯದಲ್ಲಿ ಎಷ್ಟೋ ಮಂದಿಗೆ ಹುಟ್ಟಿದ ಮನೆಯ ನಂಟು ಕಡಿದಿರುತ್ತದೆ. ಕಾಯಿಲೆಯಲ್ಲಿ ಆರೈಕೆ ಮಾಡುವವರು ಗುರು ಮತ್ತು ಚೇಲಾಗಳು. ಅಂಥವರು ತೀರಿಕೊಂಡಾಗ, ವರ್ಷಗಟ್ಟಲೆ ಮುಖ ನೋಡದ ಅಣ್ಣನ ಮಾತಿಗಿಂತ ಜೊತೆಗಿದ್ದ ಗುರುವಿನ ಮಾತನ್ನು ನೋಂದಣಾಧಿಕಾರಿ ಮೊದಲು ಕೇಳಬೇಕೆಂದು ನಿಯಮದಲ್ಲೇ ಬರೆಯಬೇಕು.