ಬಡವನ ಬಾಯಿ ಕಟ್ಟಿದವರು ಯಾರು?



“ನಮ್ಮ ಜನರಿಗೆ ಆಸಕ್ತಿಯೇ ಇಲ್ಲ.” ಈ ಮಾತನ್ನು ಪಂಚಾಯತಿಯ ಅಧ್ಯಕ್ಷರಿಂದ ಕೇಳಿದ್ದೇವೆ, ಶಾಲೆಯ ಹೆಡ್‌ಮಾಸ್ತರರಿಂದ ಕೇಳಿದ್ದೇವೆ. ದುಃಖದ ಸಂಗತಿಯೆಂದರೆ ಸಂಘದ ಮುಂದಾಳುಗಳ ಬಾಯಿಂದಲೂ ಕೇಳುತ್ತಿದ್ದೇವೆ. ಸಭೆಗೆ ಕರೆದರೆ ಬರುವುದಿಲ್ಲ, ಬಂದರೂ ಮೂಲೆಯಲ್ಲಿ ಕೂರುತ್ತಾರೆ, ಏನು ಹೇಳಿದರೂ ತಲೆಯಾಡಿಸುತ್ತಾರೆ. ಆದ್ದರಿಂದ ಆಸಕ್ತಿಯಿಲ್ಲವಂತೆ! ಇದು ಸುಳ್ಳು. ಸುಳ್ಳೆಂಬುದಕ್ಕೆ ಬಹು ದೂರದ ಒಂದು ಊರಿನ ಸಾಕ್ಷಿ ಕೊಡುತ್ತೇನೆ.

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ಗಿರಣಿ ಊರಿದೆ. 1980ರ ದಶಕದಲ್ಲಿ ಅಲ್ಲಿ ಮಕ್ಕಳು ಶಾಲೆ ಬಿಡುವುದನ್ನು ತಡೆಯಲು ಒಂದು ಯೋಜನೆ ನಡೆಯುತ್ತಿತ್ತು. ಬಡ ತಂದೆತಾಯಿಗಳು ಶಾಲೆಯ ಕಡೆ ಯಾಕೆ ಬರುವುದಿಲ್ಲವೆಂದು ವಿಚಾರಿಸಿದಾಗ ಅವರು ಹೇಳಿದ್ದಿಷ್ಟೆ: ಅಲ್ಲಿಗೆ ಹೋಗಿ ಏನು ಕೇಳಬೇಕೆಂಬುದೇ ನಮಗೆ ತಿಳಿಯದು. ಯೋಜನೆಯವರು ಮೊದಲು ನಮ್ಮ ಮುಂದಾಳುಗಳು ಮಾಡುವುದನ್ನೇ ಮಾಡಿದರು. ಪ್ರಶ್ನೆಗಳ ಪಟ್ಟಿ ಬರೆದು ಕೈಗೆ ಕೊಟ್ಟರು. ಪಟ್ಟಿ ಮುಗಿದ ಮೇಲೆ ಜನ ಇನ್ನೊಂದು ಪಟ್ಟಿಗಾಗಿ ಬಂದರು. ಕೊಟ್ಟ ಪ್ರಶ್ನೆ ಪರಾವಲಂಬನೆಯನ್ನೇ ಬೆಳೆಸುತ್ತದೆಂದು ಆಗ ಅರ್ಥವಾಯಿತು. ಡ್ಯಾನ್ ರಾತ್‌ಸ್ಟೀನ್ ಮತ್ತು ಲೂಸ್ ಸಂತಾನಾ ಎಂಬವರು ಈ ಪಾಠವನ್ನೇ ಬುಡವಾಗಿಟ್ಟು 1990ರಲ್ಲಿ ಕಟ್ಟಿದ ಸಂಸ್ಥೆ ಇಂದು ರೈಟ್ ಕ್ವೆಶ್ಚನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿದೆ. ಸಂತಾನಾ ಸ್ವತಃ ಕಾರ್ಖಾನೆಯಲ್ಲಿ ದುಡಿದವರು, ಸರಕಾರದ ನೆರವಿನಿಂದ ಬದುಕಿದವರು. ಇದು ಸಣ್ಣ ಮಾತಲ್ಲ.

ಅವರ ಕ್ರಮ ಸರಳ. ಹಲಗೆಯ ಮೇಲೆ ವಿಷಯವನ್ನು ಒಂದು ಸಾಲಿನಲ್ಲಿ ಬರೆಯುತ್ತಾರೆ. ಕೂತವರು ತೋಚಿದಷ್ಟು ಪ್ರಶ್ನೆ ಕೇಳಬೇಕು. ಯಾರೂ ನಡುವೆ ನಿಲ್ಲಿಸಿ ಚರ್ಚಿಸಬಾರದು, ತಪ್ಪು ಹಿಡಿಯಬಾರದು, ಉತ್ತರ ಕೊಡಬಾರದು. ಕೇಳಿದವನ ಮಾತಿನಲ್ಲೇ ಬರೆದುಕೊಳ್ಳಬೇಕು. ಹೇಳಿಕೆ ಬಂದರೆ ಅದನ್ನೂ ಪ್ರಶ್ನೆಯಾಗಿ ತಿರುಗಿಸಬೇಕು. ಆಮೇಲೆ ಯಾವುದು ‘ಹೌದು, ಇಲ್ಲ’ ಎಂದು ಮುಗಿಯುವ ಪ್ರಶ್ನೆ, ಯಾವುದು ವಿವರ ಬೇಡುವ ಪ್ರಶ್ನೆ ಎಂದು ವಿಂಗಡಿಸಿ, ಮುಖ್ಯವಾದುವನ್ನು ಅವರೇ ಆರಿಸುತ್ತಾರೆ. ಅಧಿಕಾರಿಯ ಯಾವುದೇ ತೀರ್ಮಾನದ ಮುಂದೆ ಮೂರನ್ನು ವಿಚಾರಿಸಲು ಕಲಿಸುತ್ತಾರೆ: ಇದಕ್ಕೆ ಕಾರಣವೇನು, ಯಾವ ಕ್ರಮದಿಂದ ತೀರ್ಮಾನವಾಯಿತು, ಇದರಲ್ಲಿ ನನ್ನ ಪಾತ್ರವೇನು?

ಇಷ್ಟನ್ನು ಕಲಿಸಲು ಅಮೆರಿಕವೇ ಬೇಕೇ ಎಂದು ಕೆಲವರು ನಗಬಹುದು. ನಗಲಿ. ಆದರೆ ಉತ್ತರ ಕೊಡಬಾರದೆಂಬ ಆ ನಿಯಮವನ್ನು ನಮ್ಮ ಘಟಕದ ಸಭೆಯಲ್ಲಿ ಹತ್ತು ನಿಮಿಷ ಪಾಲಿಸಬಲ್ಲ ಕಾರ್ಯದರ್ಶಿ ಎಷ್ಟು ಮಂದಿ? ಹೆಂಗಸೊಬ್ಬಳು ಬಾಯಿ ತೆರೆಯುವ ಮೊದಲೇ “ನಿನ್ನ ವಿಷಯ ನನಗೆ ಗೊತ್ತಮ್ಮಾ, ಕೂತುಕೋ” ಎನ್ನುವವರೇ ಹೆಚ್ಚು. ನಾನು ಮಕ್ಕಳಿಗೆ ಪ್ರಶ್ನೋತ್ತರದ ಪುಸ್ತಕ ಹಿಡಿದು ಕಲಿಸುವವನು. ಅದರಲ್ಲಿ ಪ್ರಶ್ನೆಯೂ ಅಚ್ಚಾಗಿದೆ, ಉತ್ತರವೂ ಅಚ್ಚಾಗಿದೆ. ಧರ್ಮಬೋಧೆಗೆ ಅದು ನಡೆದೀತು, ಕೂಲಿಯ ಲೆಕ್ಕಕ್ಕೆ ನಡೆಯದು. ಅದರಲ್ಲೂ ಗಡಿನಾಡಿನ ನಮ್ಮ ಕೈಗೆ ಬರುವ ಕಾಗದವೆಲ್ಲ ಬೇರೆ ಭಾಷೆಯದು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಒತ್ತಿದವನಿಗೇ ಆಸಕ್ತಿಯಿಲ್ಲವೆಂದು ದೂರುವುದು ಯಾವ ನ್ಯಾಯ?

ಈ ಸಂಸ್ಥೆಯವರ ಬಗ್ಗೆಯೂ ನನ್ನದೊಂದು ತಕರಾರಿದೆ. ಪ್ರಶ್ನೆ ಕೇಳುವವನಿಗೆ ಪಾಠ ಹೇಳುವಷ್ಟು ಕಷ್ಟವನ್ನು, ಉತ್ತರಿಸಬೇಕಾದವನನ್ನು ಕಟ್ಟಿಹಾಕಲು ಅವರು ಪಡುವುದಿಲ್ಲ. ಅದೇ ಲಾರೆನ್ಸಿನಲ್ಲಿ 1912ರ ಜನವರಿಯಲ್ಲಿ ಏನಾಯಿತು? ಹೆಂಗಸರ ಮತ್ತು ಮಕ್ಕಳ ದುಡಿಮೆಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಬಂತು. ಮಾಲೀಕರು ಸಂಬಳವನ್ನೂ ಇಳಿಸಿದರು. ಲಕೋಟೆ ಬಿಚ್ಚಿದ ಪೋಲೆಂಡಿನ ಹೆಂಗಸರು ಹಣ ಕಡಿಮೆಯೆಂದು ಮಗ್ಗ ನಿಲ್ಲಿಸಿ ಹೊರನಡೆದರು. ಹತ್ತಾರು ಭಾಷೆಯ 20,000ಕ್ಕೂ ಹೆಚ್ಚು ಕಾರ್ಮಿಕರು ಎರಡು ತಿಂಗಳು ಹೊರಗಿದ್ದ ಮೇಲೆಯೇ ಮಾಲೀಕರು ಸಂಬಳ ಏರಿಸಿದ್ದು. ಕೇಳಿದ್ದು ಹೆಂಗಸರು, ಉತ್ತರ ಹೊರಡಿಸಿದ್ದು ಮುಷ್ಕರ.

ನಮ್ಮ ದೇಶದಲ್ಲೂ ಅಷ್ಟೇ. ಅದೇ 1990ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಹುಟ್ಟಿತು. ಬರಗಾಲದ ಕಾಮಗಾರಿಯಲ್ಲಿ ಪೂರ್ತಿ ಕೂಲಿ ಸಿಗದವರು ಮಸ್ಟರ್ ರೋಲ್ ತೋರಿಸಿ ಎಂದರು. 1994ರಿಂದ ಊರೂರಿನಲ್ಲಿ ಜನಸುನವಾಯಿ ನಡೆಸಿ ಲೆಕ್ಕವನ್ನು ಎಲ್ಲರೆದುರು ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. 2005ರ ಮಾಹಿತಿ ಹಕ್ಕು ಕಾನೂನಿನ ಬೇರು ಅಲ್ಲಿದೆ. ಅದರ 6ನೆಯ ಕಲಮಿನಂತೆ ಬರೆಯಲಾರದವನು ಬಾಯಿಮಾತಿನಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು. ಯಾಕೆ ಬೇಕೆಂದು ಅರ್ಜಿದಾರನು ಕಾರಣ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಈ ಮಾತನ್ನು ನಮ್ಮ ಎಷ್ಟು ಸಭೆಗಳಲ್ಲಿ ಹೇಳಿದ್ದಾರೆ?

ಆದ್ದರಿಂದ ಕಾರ್ಯದರ್ಶಿಗಳಿಗೆ ನನ್ನ ಬೇಡಿಕೆ ಇದು. ಮುಂದಿನ ಸಭೆಯಲ್ಲಿ ಭಾಷಣ ಬೇಡ. “ನಮ್ಮ ಸಂಬಳದಲ್ಲಿ ಭವಿಷ್ಯನಿಧಿಗೆ ಹಣ ಹಿಡಿಯುತ್ತಾರೆ” ಎಂದು ಹಲಗೆಯ ಮೇಲೆ ಒಂದು ಸಾಲು ಬರೆಯಿರಿ. ಅಕ್ಷರ ಬಲ್ಲ ಹುಡುಗಿಯೊಬ್ಬಳ ಕೈಗೆ ಸೀಮೆಸುಣ್ಣ ಕೊಡಿ. ಆಮೇಲೆ ಅರ್ಧ ಗಂಟೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳಿ.