ಅವನಿಗೊಂದು ಜಾಗ ಅಂತ ಇಲ್ಲವಾ ಸಾರ್?

ಏಪ್ರಿಲ್ ಬಂತೆಂದರೆ ನಮ್ಮ ಬಾಗಲಗುಂಟೆಯ ಬೀದಿಗಳಲ್ಲಿ ಬೆಳಿಗ್ಗೆ ಆರಕ್ಕೇ ಮಕ್ಕಳ ಸದ್ದು. ಪರೀಕ್ಷೆ ಮುಗಿದಿರುತ್ತದೆ, ಫಲಿತಾಂಶ ಬಂದಿರುವುದಿಲ್ಲ. ವರ್ಷದಲ್ಲಿ ಮಕ್ಕಳು ನಿಜಕ್ಕೂ ನೆಮ್ಮದಿಯಾಗಿರುವುದು ಆ ಹದಿನೈದು ದಿನವೇ ಇರಬೇಕು. ಆದರೆ ನಾವು ಬಿಡಬೇಕಲ್ಲ! ಒಬ್ಬನನ್ನು ಈಜಿಗೆ, ಇನ್ನೊಬ್ಬಳನ್ನು ಚಿತ್ರಕಲೆಗೆ ಅಂತ ಬೇಸಿಗೆ ಶಿಬಿರಗಳಿಗೆ ಹೊರಡಿಸುತ್ತೇವೆ. ಈ ಸಲ ನಮ್ಮ ಎದುರು ಮನೆಯ ಹುಡುಗ ಫುಟ್‌ಬಾಲ್ ಶಿಬಿರಕ್ಕೆ ಸೇರಿದ. ಏಳು ಮುಗಿಸಿ ಎಂಟನೇ ತರಗತಿಗೆ ಹೊರಟವನು. ಹೊಸ ಬೂಟು, ಮೊಣಕಾಲಿನವರೆಗೆ ಕಾಲುಚೀಲ. ಮೊದಲ ದಿನ ಇಡೀ ಬೀದಿಗೆ ತೋರಿಸಿಕೊಂಡೇ ಹೋದ.

ಎರಡು ವಾರ ಕಳೆದಿರಬೇಕು. ಒಂದು ಭಾನುವಾರ ಅವನ ತಂದೆ ಮನೆಗೆ ಬಂದರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟರ್ನರ್. ಮಾತು ಕಡಿಮೆಯ ಮನುಷ್ಯ. ಕಾಫಿ ಲೋಟ ಅರ್ಧವಾದ ಮೇಲೆ ಬಾಯಿ ಬಿಟ್ಟರು.

"ಮೊದಲ ವಾರ ಹುಡುಗನನ್ನ ಎಡಗಡೆ ಡಿಫೆನ್ಸಲ್ಲಿ ನಿಲ್ಲಿಸಿದರು ಸಾರ್. ಆಮೇಲೆ ಮಧ್ಯಕ್ಕೆ ಹಾಕಿದರು. ಈಗ ಬಲಗಡೆಯಂತೆ. ಬೇರೆ ಹುಡುಗರು ಒಂದೊಂದು ಜಾಗದಲ್ಲಿ ಗಟ್ಟಿಯಾಗಿ ನಿಂತಿದ್ದಾರೆ. ನಮ್ಮವನಿಗೊಂದು ಜಾಗ ಅಂತ ಇಲ್ಲವಾ? ಖಾಲಿ ಬಿದ್ದ ಕಡೆ ತುಂಬೋಕೆ ಇವನೇನಾ? ದುಡ್ಡು ನಾವೂ ಕಟ್ಟಿದ್ದೀವಲ್ಲ?"

ನಾನು ಕ್ರೀಡಾಪಟುವೇನಲ್ಲ. ಆದರೆ ಈ ದೂರು ಆಟದ ಮೈದಾನಕ್ಕೆ ಮಾತ್ರ ಸೇರಿದ್ದಲ್ಲ. ನಾಟಕದಲ್ಲಿ ಮಗಳಿಗೆ ದಿನಕ್ಕೊಂದು ಪಾತ್ರ ಓದಿಸುತ್ತಾರೆ, ಮಗನನ್ನು ವಿಜ್ಞಾನ ಪ್ರದರ್ಶನದಲ್ಲಿ ಮೂರು ಗುಂಪಿಗೆ ಓಡಾಡಿಸುತ್ತಾರೆ ಎಂದು ಬೇಸರಪಡುವ ತಂದೆತಾಯಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಹಾಗಾಗಿ ಅವರ ಮಾತನ್ನು ತಳ್ಳಿಹಾಕಲು ಮನಸ್ಸಾಗಲಿಲ್ಲ. ಆ ಸಂಜೆಯೇ ಮೈದಾನಕ್ಕೆ ಹೋಗಿ ಒಂದು ಗಂಟೆ ಕೂತು ನೋಡಿದೆ.

ಫುಟ್‌ಬಾಲಿನಲ್ಲಿ ರಕ್ಷಣೆಗೆ ನಿಂತವರೆಲ್ಲ ಒಂದೇ ಕೆಲಸ ಮಾಡುತ್ತಾರೆ ಎಂದು ನಮಗೆ ಹೊರಗಿನಿಂದ ಅನ್ನಿಸುತ್ತದೆ. ಹಾಗಿಲ್ಲ. ಅಂಚಿನಲ್ಲಿ ನಿಂತವನಿಗೆ ಪಕ್ಕದ ಗೆರೆಯೇ ಒಬ್ಬ ಜೊತೆಗಾರ. ಎದುರಾಳಿಯನ್ನು ಗೆರೆಯ ಕಡೆಗೆ ಒತ್ತಿಕೊಂಡು ಹೋದರೆ ಅವನಿಗೆ ಇರುವುದು ಒಂದೇ ದಾರಿ. ಮಧ್ಯದಲ್ಲಿ ನಿಂತವನಿಗೆ ಆ ಸಹಾಯವಿಲ್ಲ, ಎರಡೂ ಕಡೆ ಬಯಲು. ಆದರೆ ಅವನಿಗೆ ಇಡೀ ಮೈದಾನ ಕಾಣುತ್ತದೆ, ಆದ್ದರಿಂದ ಅವನು ಕೂಗಬೇಕು. ಆಫ್‌ಸೈಡ್ ಗೆರೆ ಸರಿಯಾಗಿ ಇರಬೇಕಾದರೆ ರಕ್ಷಕರೆಲ್ಲ ಒಂದೇ ಹೊತ್ತಿಗೆ ಮುಂದೆ ಸರಿಯಬೇಕು. ಒಬ್ಬ ಅರ್ಧ ಹೆಜ್ಜೆ ಹಿಂದೆ ಉಳಿದರೂ ಎದುರಾಳಿಗೆ ಬಾಗಿಲು ತೆರೆದ ಹಾಗೆ. ಇನ್ನು ಎಡದಿಂದ ಬಲಕ್ಕೆ ಬಂದವನಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಯಾವ ಭುಜ ಮುಂದಿರಬೇಕು, ಯಾವ ಕಾಲಿನಿಂದ ಚೆಂಡು ತಡೆಯಬೇಕು ಎಲ್ಲ ಬದಲು. ನಮ್ಮ ಹುಡುಗ ಪಾಪ, ಬಲಗಡೆ ನಿಂತು ಎಡಗಡೆಯ ಅಭ್ಯಾಸದಂತೆ ತಿರುಗಿ ಎರಡು ಸಲ ಬಿದ್ದ.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಬೇರೆಯೇ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಅಲ್ಲಿನ ವೃತ್ತಿಪರ ತಂಡಗಳ ಬೇಸಿಗೆ ಶಿಬಿರಕ್ಕೆ ತೊಂಬತ್ತರಷ್ಟು ಆಟಗಾರರು ಬರುತ್ತಾರೆ, ಋತು ಶುರುವಾಗುವಾಗ ತಂಡದ ಪಟ್ಟಿಯಲ್ಲಿ ಉಳಿಯುವವರು 53. ಹಿಂಬದಿಯ ರಕ್ಷಣೆಗೆ ಬಂದ ಹೊಸ ಹುಡುಗ ಅಂಚಿನಲ್ಲೂ ನಿಲ್ಲಬಲ್ಲ, ಆಳದಲ್ಲೂ ನಿಲ್ಲಬಲ್ಲ ಎಂದಾದರೆ ಅವನನ್ನು ಮನೆಗೆ ಕಳಿಸುವ ಮುನ್ನ ತರಬೇತುದಾರ ಎರಡು ಸಲ ಯೋಚಿಸುತ್ತಾನೆ. ಅಲ್ಲಿ ಮೂರು ಜಾಗ ಕಲಿಯುವುದು ಹೊಟ್ಟೆಪಾಡಿನ ಪ್ರಶ್ನೆ.

ಅಷ್ಟು ದೂರವಾದರೂ ಯಾಕೆ? ನಮ್ಮ ಊರಿನಲ್ಲೇ ಬೆಳೆದ ರಾಹುಲ್ ದ್ರಾವಿಡ್ ಅವರನ್ನು ನೋಡಿ. ಚಿನ್ನಸ್ವಾಮಿ ಕ್ರೀಡಾಂಗಣದ ಒಂದು ಬೇಸಿಗೆ ಶಿಬಿರದಲ್ಲೇ ಕೇಕಿ ತಾರಾಪೋರ್ ಅವರ ಕಣ್ಣಿಗೆ ಬಿದ್ದ ಹುಡುಗ. ಶಾಲೆಯ ದಿನಗಳಲ್ಲಿ ವಿಕೆಟ್ ಕೀಪಿಂಗ್ ಕೂಡ ಮಾಡುತ್ತಿದ್ದರು, ಮುಂದೆ ಬ್ಯಾಟಿಂಗ್‌ಗಾಗಿ ಅದನ್ನು ಬಿಟ್ಟರು. 'ಮೂರನೇ ಕ್ರಮಾಂಕದ ಗೋಡೆ' ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಅವರು 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ್ದು ಏಳನೇ ಕ್ರಮಾಂಕದಲ್ಲಿ! 95 ರನ್ ಹೊಡೆದರು. ಮೊದಲ ಶತಕ, 148 ರನ್, ಬಂದದ್ದು 1997ರ ಜನವರಿಯಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ, ಮೂರನೆಯವರಾಗಿ ಇಳಿದಾಗ. ಅಲ್ಲಿಗೆ ಜಾಗ ಸಿಕ್ಕಿತು, ಕಥೆ ಮುಗಿಯಿತು ಅಂದುಕೊಳ್ಳಬೇಡಿ. 2001ರ ಮಾರ್ಚ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಫಾಲೋ ಆನ್ ಪಡೆದ ಭಾರತ ಎರಡನೇ ಇನಿಂಗ್ಸ್‌ನಲ್ಲಿ ಮೂರನೇ ಜಾಗಕ್ಕೆ ಲಕ್ಷ್ಮಣ್ ಅವರನ್ನು ಕಳಿಸಿತು. ದ್ರಾವಿಡ್ ಆರಕ್ಕೆ ಇಳಿದರು. ಲಕ್ಷ್ಮಣ್ 281, ದ್ರಾವಿಡ್ 180, ಇಬ್ಬರ ಜೊತೆಯಾಟ 376. ಕಳೆದುಕೊಂಡ ಜಾಗದ ಬಗ್ಗೆ ಮುಖ ಊದಿಸಿಕೊಂಡು ಕೂತಿದ್ದರೆ ಆ ಪಂದ್ಯ ನಮ್ಮದಾಗುತ್ತಿತ್ತೇ?

ಬಿಟ್ಟಿದ್ದ ವಿಕೆಟ್ ಕೀಪಿಂಗ್ ಮತ್ತೆ ಅವರನ್ನು ಹುಡುಕಿಕೊಂಡು ಬಂದದ್ದು ಏಕದಿನ ಕ್ರಿಕೆಟ್‌ನಲ್ಲಿ. ನಿಧಾನ ಎಂಬ ಕಾರಣಕ್ಕೆ 1998ರಲ್ಲಿ ಏಕದಿನ ತಂಡದಿಂದ ಹೊರಬಿದ್ದಿದ್ದ ಅದೇ ಮನುಷ್ಯ 1999ರ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ 145 ರನ್ ಹೊಡೆದರು, ಆ ದಿನ ವಿಕೆಟ್ ಹಿಂದೆ ನಿಂತವರೂ ಅವರೇ. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 461 ರನ್ ಗಳಿಸಿದರು. 2003ರ ವಿಶ್ವಕಪ್ ಹೊತ್ತಿಗೆ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಾಗಿತ್ತು. ಅದಕ್ಕಾಗಿ ಫೈನಲ್‌ವರೆಗೂ ಗ್ಲೌಸ್ ತೊಟ್ಟವರು ದ್ರಾವಿಡ್. 2004ರ ಡಿಸೆಂಬರ್‌ನಲ್ಲಿ ಧೋನಿ ಬಂದ ಮೇಲೆ ಆ ಭಾರ ಇಳಿಯಿತು. ಟೆಸ್ಟ್‌ಗಳಲ್ಲಿ, ಹೆಚ್ಚಾಗಿ ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ನಿಂತು, ಹಿಡಿದ ಕ್ಯಾಚ್‌ಗಳು 210. ಆ ದಾಖಲೆಯನ್ನು 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ ಮುರಿದರು, ಕ್ಯಾಚ್ ಕೊಟ್ಟವರು ನಮ್ಮವರೇ ಆದ ಕರುಣ್ ನಾಯರ್!

ಇದನ್ನೆಲ್ಲ ಹೇಳುತ್ತಾ ಹೋದೆ. ಎದುರು ಮನೆಯವರು ಕೇಳಿಸಿಕೊಂಡು, "ಅವರು ದ್ರಾವಿಡ್ ಬಿಡಿ ಸಾರ್" ಎಂದರು. ಅದೂ ನಿಜವೇ. ದೊಡ್ಡವರ ಹೆಸರು ಹೇಳಿ ಸಣ್ಣವರ ಬಾಯಿ ಮುಚ್ಚಿಸುವುದು ನಮಗೆಲ್ಲ ಇರುವ ಒಂದು ಕೆಟ್ಟ ಅಭ್ಯಾಸ.

ಸರಿ, ಮೊದಲ ಪಂದ್ಯದಲ್ಲಿ ಸೋತವರನ್ನೇ ನೋಡೋಣ ಎಂದೆ. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ಅಲ್ಲಿಯವರೆಗೆ ಆರಂಭ ಆಟಗಾರ. ಮೊದಲ ಇನಿಂಗ್ಸ್‌ನಲ್ಲಿ ಆರನೇ ಕ್ರಮಾಂಕ, 3 ರನ್. ಎರಡನೆಯದರಲ್ಲಿ ಮೂರನೇ ಕ್ರಮಾಂಕ, 1 ರನ್. ಒಂದೇ ಪಂದ್ಯದಲ್ಲಿ ಎರಡು ಅಪರಿಚಿತ ಜಾಗ, ಎರಡರಲ್ಲೂ ಸೋಲು. ಮುಂದಿನ ಪಂದ್ಯ ಸಿಡ್ನಿಯಲ್ಲಿ, ಆರಂಭಿಕರಾಗಿಯೇ ಇಳಿದು 110 ಹೊಡೆದರು. ಇಷ್ಟಕ್ಕೇ ನಿಲ್ಲಿಸಿದರೆ 'ನೋಡಿ, ಅವರವರ ಜಾಗ ಅವರವರಿಗೆ ಕೊಟ್ಟರೆ ಸರಿ' ಎಂಬ ವಾದ ಗೆದ್ದಂತೆ. ಆದರೆ 2020ರ ಜನವರಿಯಲ್ಲಿ ರಾಜಕೋಟೆಯಲ್ಲಿ ಆಸ್ಟ್ರೇಲಿಯ ವಿರುದ್ಧ ಅವರನ್ನು ಐದಕ್ಕೆ ಇಳಿಸಿದರು, ಕೀಪಿಂಗ್ ಕೂಡ ಕೊಟ್ಟರು. 52 ಎಸೆತಗಳಲ್ಲಿ 80 ರನ್. 2023ರ ವಿಶ್ವಕಪ್‌ನಲ್ಲಿ ಚೆನ್ನೈನ ಸೆಕೆಯಲ್ಲಿ ಸುಮಾರು 50 ಓವರ್ ವಿಕೆಟ್ ಹಿಂದೆ ಕೂತು ಎದ್ದು ಬಂದರೆ ತಂಡ 2 ರನ್ನಿಗೆ 3 ವಿಕೆಟ್ ಕಳೆದುಕೊಂಡಿತ್ತು. ಬ್ಯಾಟ್ ಹಿಡಿದು ಹೋಗಿ ಔಟಾಗದೆ 97 ಮಾಡಿದರು. ಹಳೆಯ ಆರಂಭ ಆಟಗಾರನ ಕೌಶಲ ಆ ದಿನ ಐದನೇ ಕ್ರಮಾಂಕದಲ್ಲಿ ಕೆಲಸಕ್ಕೆ ಬಂತು ಎಂದು ನನ್ನ ಎಣಿಕೆ. ಚೆಂಡು ಆಗಿನ್ನೂ ಹೊಸದಿತ್ತಲ್ಲ!

ಹಾಗೆಂದು ಇದಕ್ಕೆ ಬೆಲೆ ತೆರಬೇಕಾಗಿಲ್ಲ ಎಂದು ನಾನು ಹೇಳುವುದಿಲ್ಲ. ಮತ್ತೆ ದ್ರಾವಿಡ್ ಅವರದ್ದೇ ಉದಾಹರಣೆ. 2007ರ ಡಿಸೆಂಬರ್, ಮೆಲ್ಬರ್ನ್. ಮಧ್ಯಮ ಕ್ರಮಾಂಕದಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಡಲು ಅವರನ್ನು ಆರಂಭಕ್ಕೆ ಕಳಿಸಿದರು. ಮೊದಲ ಇನಿಂಗ್ಸ್‌ನಲ್ಲಿ 66 ಎಸೆತ ಆಡಿ 5 ರನ್. ನೋಡುವವರಿಗೇ ಉಸಿರು ಕಟ್ಟುವಂಥ ಆಟ. ಭಾರತ ಸೋತಿತು. ಮುಂದಿನ ತಿಂಗಳು ಪರ್ತ್‌ನಲ್ಲಿ ಸೆಹ್ವಾಗ್ ಆರಂಭಕ್ಕೆ ಮರಳಿ, ದ್ರಾವಿಡ್ ಮತ್ತೆ ಮೂರನೆಯವರಾದರು. 93 ಹೊಡೆದರು, ಭಾರತ ಗೆದ್ದಿತು. ಯಾರು ಎಲ್ಲಿ ಬೇಕಾದರೂ ನಿಲ್ಲಬಲ್ಲರೋ ಅವರನ್ನೇ ಎಲ್ಲರೂ ಎಲ್ಲೆಲ್ಲಿಗೋ ತಳ್ಳುತ್ತಾರೆ. ಮನೆಯಲ್ಲೂ ಅಷ್ಟೇ, ಹೇಳಿದ ಕೆಲಸಕ್ಕೆ 'ಇಲ್ಲ' ಅನ್ನದ ಮಗುವಿಗೇ ಅಂಗಡಿಗೆ ಹೋಗುವ ಕೆಲಸವೆಲ್ಲ.

ಆಗ ನಾನು ನಮ್ಮ ಟರ್ನರನ್ನೇ ಕೇಳಿದೆ. "ನೀವು ಅಪ್ರೆಂಟಿಸ್ ಆಗಿ ಸೇರಿದಾಗ ಮೊದಲ ದಿನವೇ ಲೇತ್ ಕೊಟ್ಟರಾ?"

"ಎಲ್ಲಿ ಸಾರ್!" ಅವರ ಮುಖ ಮೊದಲ ಬಾರಿ ಅರಳಿತು. "ಮೂರು ತಿಂಗಳು ಬರೀ ಫೈಲ್ ಉಜ್ಜಿದ್ದೇ. ಅಂಗೈ ಎಲ್ಲ ಬೊಬ್ಬೆ. ಆಮೇಲೆ ಡ್ರಿಲ್ಲಿಂಗು, ಆಮೇಲೆ ಗ್ರೈಂಡಿಂಗು. ಲೇತ್ ಬಂದಿದ್ದು ಕೊನೆಗೆ."

"ಗ್ರೈಂಡಿಂಗ್ ಕಲಿತದ್ದು ಲೇತಿಗೆ ಉಪಯೋಗವಾಯಿತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಯ್ತು. ನಾವು ಲೇತಲ್ಲಿ ತಿರುಗಿಸಿ ಕೊಟ್ಟ ಮಾಲೇ ಗ್ರೈಂಡಿಂಗಿಗೆ ಹೋಗೋದು. ಎಷ್ಟು ಹೆಚ್ಚಿಗೆ ಬಿಟ್ಟು ಕೊಡಬೇಕು ಅಂತ, ಗ್ರೈಂಡಿಂಗ್ ಮಾಡಿದವನಿಗೆ ಕೈಯಲ್ಲೇ ಗೊತ್ತಿರುತ್ತೆ. ಜಾಸ್ತಿ ಬಿಟ್ಟರೆ ಅವನು ಬೈತಾನೆ. ಕಮ್ಮಿ ಬಿಟ್ಟರೆ ಪೀಸೇ ಹೋಯ್ತು."

ನಾನು ಒಂದು ಗಂಟೆ ಒದರಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಹೇಳಿದ್ದರು. ಮಧ್ಯದಲ್ಲಿ ಆಡಿ ಬಂದ ರಕ್ಷಕನಿಗೆ, ತನ್ನ ಪಕ್ಕದ ಮಧ್ಯದವನು ಯಾವಾಗ ಜಾಗ ಬಿಟ್ಟು ಮುಂದೆ ಹೋಗುತ್ತಾನೆ, ತಾನು ಯಾವಾಗ ಒಳಗೆ ಸರಿದು ಆ ಖಾಲಿಯನ್ನು ಮುಚ್ಚಬೇಕು ಎಂಬುದು ಹೀಗೆಯೇ ಗೊತ್ತಾಗುವುದು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. "ನನ್ನ ಜೊತೆ ಸೇರಿದ ಇನ್ನೊಬ್ಬನಿದ್ದ ಸಾರ್. ಅವನನ್ನ ಯಾರು ರಜಾ ಹಾಕುತ್ತಾರೋ ಅವರ ಮೆಷಿನ್ ಮುಂದೆ ನಿಲ್ಲಿಸೋರು. ಇವತ್ತು ಇಲ್ಲಿ, ನಾಳೆ ಅಲ್ಲಿ. ಯಾರೂ ಹತ್ತಿರ ನಿಂತು ಹೇಳಿಕೊಡಲಿಲ್ಲ. ಎಲ್ಲಾ ಮೆಷಿನ್ ಮುಟ್ಟಿದ್ದ, ಒಂದೂ ಕಲಿಯಲಿಲ್ಲ. ನನಗೆ ಭಯ ಇರೋದು ಅದಕ್ಕೇ."

ಪೋಷಕರು ಗಮನಿಸಬೇಕಾದದ್ದು ಇದನ್ನೇ ಎಂದು ನನಗೆ ಅನ್ನಿಸಿತು. ಮಗುವನ್ನು ಎಷ್ಟು ಜಾಗದಲ್ಲಿ ನಿಲ್ಲಿಸಿದರು ಎಂಬ ಲೆಕ್ಕ ಬೇಡ. ಅಲ್ಲಿ ನಿಲ್ಲಿಸಿ ಏನು ಕಲಿಸುತ್ತಿದ್ದಾರೆ ಎಂದು ಕೇಳಬಹುದಲ್ಲ? ಕೋಚ್ ಬಳಿ ಜಗಳಕ್ಕೆ ಹೋಗುವ ಅಗತ್ಯವಿಲ್ಲ. 'ಈ ವಾರ ಇವನು ಇಲ್ಲಿ ಏನು ಕಲಿಯಬೇಕು ಸಾರ್, ಮನೆಯಲ್ಲಿ ಏನು ಅಭ್ಯಾಸ ಮಾಡಿಸಲಿ?' ಎಂದರೆ ಸಾಕು. ಕಲಿಸುವವರಾದರೆ ಉತ್ತರ ತಟ್ಟನೆ ಬರುತ್ತದೆ. ಬರೀ ಜಾಗ ತುಂಬಿಸುತ್ತಿದ್ದರೆ ತಡವರಿಸುತ್ತಾರೆ. ಮಕ್ಕಳೇ, ನೀವೂ ಕೇಳಬಹುದು. ಹಾಗೆ ಕೇಳಿದ್ದಕ್ಕೆ ಒಳ್ಳೆಯ ಗುರು ಯಾರೂ ಸಿಟ್ಟಾಗುವುದಿಲ್ಲ.

ಮರುದಿನ ಅವರು ಕೇಳಿದರಂತೆ. ಕೋಚ್ ಹೇಳಿದ್ದು ಇಷ್ಟು: ಹುಡುಗನಿಗೆ ಓಟವಿದೆ, ಕಣ್ಣು ಚುರುಕು. ಆದರೆ ಬಲಗಾಲು ಬಿಟ್ಟರೆ ಎಡಗಾಲು ಅಂತ ಒಂದಿದೆ ಎನ್ನುವುದೇ ಅವನಿಗೆ ನೆನಪಿಲ್ಲ, ಅದಕ್ಕೇ ಮೊದಲು ಎಡಗಡೆ ಹಾಕಿದ್ದು. ಬಾಯಿ ಬಿಡುವುದಿಲ್ಲ, ಅದಕ್ಕೇ ಮಧ್ಯಕ್ಕೆ ತಂದದ್ದು. ಮಧ್ಯದಲ್ಲಿ ನಿಂತರೆ ಕೂಗದೆ ವಿಧಿಯಿಲ್ಲ. ಬಲಗಡೆ ಒಂದು ವಾರ ಸುಧಾರಿಸಿಕೊಳ್ಳಲಿ, ಮತ್ತೆ ಎಡಗಡೆಯೇ.

"ಬಾಯಿ ಬಿಡಲ್ಲ ಅನ್ನೋದು ನನ್ನಿಂದಲೇ ಬಂದಿರಬೇಕು ಸಾರ್" ಎಂದು ಅವರು ನಕ್ಕರು.

ಈಗ ಸಂಜೆಯಾದರೆ ನಮ್ಮ ಕಾಂಪೌಂಡ್ ಗೋಡೆಗೆ ಚೆಂಡು ಬಡಿಯುವ ಸದ್ದು. ಎರಡು ಕ್ರೋಟನ್ ಕುಂಡ ಆಗಲೇ ಹೋಗಿವೆ, ನಮ್ಮ ಮನೆಯವರ ಬೈಗುಳವೂ ಸಂದಿದೆ. ಕೇಳಿ ಕೇಳಿ ಯಾವುದು ಬಲಗಾಲಿನದು, ಯಾವುದು ಎಡಗಾಲಿನದು ಎಂದು ಒಳಗೆ ಕೂತೇ ನನಗೆ ಗೊತ್ತಾಗುತ್ತದೆ. ಎಡಗಾಲಿನದು ಇನ್ನೂ ಸ್ವಲ್ಪ ಮೆತ್ತಗೆ.