ಕ್ಯಾಮೆರಾಕ್ಕಿಂತ ದುಬಾರಿಯಾದ ಸಂಯಮ

ವನ್ಯಜೀವಿ ಛಾಯಾಗ್ರಹಣಕ್ಕೆ ದುಬಾರಿ ಲೆನ್ಸ್ ಇದ್ದರೆ ಸಾಕೆಂದು ಹಲವರ ನಂಬಿಕೆ. ಕೊಡಗಿನ ಕಾಡಿನಲ್ಲಿ ಮಂದ ಬೆಳಕು, ಮಂಜು, ಜಿಗಣೆ, ಲೆನ್ಸಿಗೆ ಹತ್ತುವ ಬೂಷ್ಟು ಎಲ್ಲವೂ ತೊಡಕುಗಳೇ. ಆದರೆ ಇವೆಲ್ಲಕ್ಕಿಂತ ಕಠಿಣವಾದುದು ಸಂಯಮವೆಂದು ನನ್ನ ಅಭಿಪ್ರಾಯ. ಕಾಡುನಾಯಿಗಳ ಹಿಂದೆ ವರ್ಷಗಟ್ಟಲೆ ಅಲೆದ ಕೃಪಾಕರ-ಸೇನಾನಿಯವರ ‘ದಿ ಪ್ಯಾಕ್’ ಚಿತ್ರಕ್ಕೆ 2010ರಲ್ಲಿ ‘ಹಸಿರು ಆಸ್ಕರ್’ ಸಂದದ್ದು ಆ ತಾಳ್ಮೆಗೆ ದೊರೆತ ಮನ್ನಣೆ.

ನಮ್ಮಲ್ಲಿ ಆನೆಯ ನೆಲೆ ನಾಗರಹೊಳೆಯ ಗಡಿಗೆ ಮುಗಿಯುವುದಿಲ್ಲ. ನೆರಳುಮರ, ಕೆರೆ, ಹಲಸು ಇರುವ ಕಾಫಿತೋಟವೂ ಅದಕ್ಕೆ ಆಶ್ರಯವೇ. ಹಿಂಡು ರಸ್ತೆ ದಾಟುವಾಗ ಮೊಬೈಲ್ ಹಿಡಿದು ಸುತ್ತುವರಿದು ಕೂಗುವವರಿದ್ದಾರೆ. ಬೆದರಿದ ತಾಯಿ ಮರಿಯೊಡನೆ ತೋಟಕ್ಕೆ ನುಗ್ಗುತ್ತದೆ. ಚಿತ್ರ ತೆಗೆದವರು ಕಾರು ಹತ್ತಿ ಊರು ಸೇರುತ್ತಾರೆ. ಮರುದಿನ ಮುಂಜಾವದ ಮಂಜಿನಲ್ಲಿ ಆ ಆನೆಗೆ ಎದುರಾಗುವವರು ಲೈನ್‌ಮನೆಯಿಂದ ಕಾಫಿ ಕೊಯ್ಲಿಗೆ ಹೊರಟ ಕಾರ್ಮಿಕರು. ಒಬ್ಬರ ಮೋಜಿಗೆ ಮತ್ತೊಬ್ಬರು ಪ್ರಾಣ ತೆರಬೇಕೇ?

ಪ್ರಾಣಿಯ ನಡಿಗೆ ಬದಲಾಗದಂತೆ ತೆಗೆದುದೇ ಒಳ್ಳೆಯ ಚಿತ್ರ. ದೂರದಲ್ಲೇ ವಾಹನ ನಿಲ್ಲಿಸಿ, ಕೊನೆಯ ಆನೆ ದಾಟುವವರೆಗೆ ಒಳಗೇ ಕುಳಿತಿರೋಣ. ಅಲ್ಲಿಂದ ಸಿಕ್ಕಷ್ಟೇ ಚಿತ್ರ ಸಾಕು, ಸಿಗದಿದ್ದರೂ ನಷ್ಟವಿಲ್ಲ.